ಫೋಟೋಗೆ ಒಪ್ಪಿಗೆ ಕೇಳಲು ಜೊತೆಗೆ ಬಂದವರಿಗೆ

ಕನ್ನಡ ವಿಕಿಪೀಡಿಯದ ಲೇಖನವೊಂದಕ್ಕೆ ಬಡಗುತಿಟ್ಟು ಯಕ್ಷಗಾನದ ಫೋಟೋ ಬೇಕಿತ್ತು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೇದಗೆ ಮುಂದಲೆ ಎಂಬ ತಲೆಯ ವೇಷ ಕಟ್ಟಿಕೊಳ್ಳುತ್ತಿರುವ ಕಲಾವಿದರ ಚಂದದ ಚಿತ್ರವೊಂದು ಕಣ್ಣಿಗೆ ಬಿದ್ದಿತ್ತು. ತೆಗೆದವರು ಕುಂದಾಪುರ ಕಡೆಯ ಹಿರಿಯರು. "ವಿಕಿಪೀಡಿಯಕ್ಕೆ ಹಾಕ್ಕೊಳ್ಳಿ" ಎಂದು ಧಾರಾಳವಾಗಿ ಹೇಳಿದರು. ಆದರೆ ಅಷ್ಟು ಸಾಲುವುದಿಲ್ಲ. ವಿಕಿಪೀಡಿಯದ ಚಿತ್ರಗಳನ್ನು ಇಡುವ ವಿಕಿಮೀಡಿಯ ಕಾಮನ್ಸ್‌ಗೆ ಹೋದ ಚಿತ್ರವನ್ನು ಯಾರು ಬೇಕಾದರೂ ಬಳಸಬಹುದು, ಪುಸ್ತಕದಲ್ಲಿ ಅಚ್ಚು ಹಾಕಿ ಮಾರಲೂಬಹುದು. ಇದನ್ನು ಹೇಳದೆ ಸುಮ್ನೆ ಒಪ್ಪಿಗೆ ಪಡೆಯುವುದು ಸರಿಯಲ್ಲ, ಅಲ್ವಾ?

ಆಗ ಸಿಕ್ಕಿದವರು ನೀವು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಆ ಹಿರಿಯರ ಜಗಲಿಯಲ್ಲಿ ಕೂತು ಸಿಸಿ ಬೈ-ಎಸ್‌ಎ 4.0 ಎಂಬ ಮುಕ್ತ ಬಳಕೆಯ ಲೈಸೆನ್ಸಿನ ಒಂದೊಂದು ಷರತ್ತನ್ನೂ ಬಿಡಿಸಿ ಹೇಳಿದಿರಿ. ಹಕ್ಕುಸ್ವಾಮ್ಯ ಅವರಲ್ಲೇ ಉಳಿಯುತ್ತದೆ, ಬಳಸಿದವರು ಅವರ ಹೆಸರು ಹಾಕಲೇಬೇಕು, ಆದರೆ ಒಮ್ಮೆ ಕೊಟ್ಟ ಅನುಮತಿಯನ್ನು ವಾಪಸ್ ಪಡೆಯಲು ಆಗುವುದಿಲ್ಲ. ಈ ಕೊನೆಯ ಮಾತನ್ನು ಜಾಸ್ತಿ ಜನ ನುಂಗಿಬಿಡುತ್ತಾರೆ. ನೀವು ಎರಡು ಸಲ ಹೇಳಿದಿರಿ. "ಬೇಡ ಅನ್ನಿಸಿದ್ರೆ ಬೇಡ ಅನ್ನಿ ಮಾರಾಯ್ರೆ" ಎಂದೂ ಸೇರಿಸಿದಿರಿ.

ಅವರು ಯೋಚಿಸಿ ಒಪ್ಪಿದರು. ಒಪ್ಪಿಗೆ ಪತ್ರ ಅವರ ಇಮೇಲಿನಿಂದಲೇ ಹೋಗಬೇಕಿತ್ತು. ಪಕ್ಕದಲ್ಲಿ ಕೂತು ಅದನ್ನೂ ಟೈಪ್ ಮಾಡಿಕೊಟ್ಟಿರಿ. ಇನ್ನಷ್ಟು ಫೋಟೋ ಕೊಡುತ್ತೇನೆ ಎಂದು ಈಗ ಅವರೇ ಹೇಳುತ್ತಿದ್ದಾರೆ. ತುಂಬಾ ಥ್ಯಾಂಕ್ಸ್ ಸರ್, ನಿಮ್ಮ ಉಪಕಾರ ಮರೆಯುವುದಿಲ್ಲ.