ಮಾಸಪತ್ರಿಕೆ ಆರಂಭಿಸುವವರಿಗೂ ಖಾತರಿ ಸಾಲ ಸಿಗಲಿ

ಸಂಪಾದಕರಿಗೆ,
ಮಾನ್ಯರೇ,

ಸಣ್ಣ ಉದ್ಯಮಗಳಿಗೆ ಅಡಮಾನವಿಲ್ಲದೆ ಸಾಲ ಸಿಗಲೆಂದು ಕೇಂದ್ರ ಸರ್ಕಾರ ಮತ್ತು ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕಾದ ಸಿಡ್ಬಿ 2000ದಲ್ಲಿ ಸ್ಥಾಪಿಸಿದ ಸಿಜಿಟಿಎಂಎಸ್‌ಇ ಎಂಬ ಸಾಲ ಖಾತರಿ ಟ್ರಸ್ಟ್ ಆಗಲಿ, 2015ರಲ್ಲಿ ಬಂದ ಮುದ್ರಾ ಯೋಜನೆಯಾಗಲಿ ಪತ್ರಿಕಾ ಪ್ರಕಾಶನವನ್ನು ಹೊರಗಿಟ್ಟಿಲ್ಲ. ಆದರೂ ಹೊಸದಾಗಿ ಮಾಸಪತ್ರಿಕೆ ಆರಂಭಿಸಲು ಹೊರಟವರು ಬ್ಯಾಂಕಿನಿಂದ ಬರಿಗೈಯಲ್ಲಿ ಮರಳುವುದನ್ನು, ಸಣ್ಣ ಪ್ರಕಾಶಕರ ಲೆಕ್ಕಪತ್ರ ನೋಡಿಕೊಳ್ಳುವ ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ.

ಶಾಖೆಯಲ್ಲಿ ಮೊದಲು ಕೇಳುವುದೇ ಯಂತ್ರದ ಕೊಟೇಶನ್. ಮಕ್ಕಳ ಮಾಸಪತ್ರಿಕೆ ತರಬಯಸಿದ್ದ ತರುಣಿಯೊಬ್ಬರ ಯೋಜನಾ ವರದಿಯಲ್ಲಿ ಯಂತ್ರವೇ ಇರಲಿಲ್ಲ; ಮುದ್ರಣವನ್ನು ಹೊರಗಿನ ಪ್ರೆಸ್ಸಿಗೆ ಒಪ್ಪಿಸಿ, ಕಾಗದ, ಚಿತ್ರ ಬರೆಯುವವರ ಸಂಭಾವನೆ ಮತ್ತು ಅಂಚೆ ವೆಚ್ಚಕ್ಕೆಂದು ಅವರು ದುಡಿಯುವ ಬಂಡವಾಳ ಕೇಳಿದ್ದರು. ಪ್ರೆಸ್ಸಿನಿಂದ ಸಂಚಿಕೆ ಎತ್ತುವ ದಿನವೇ ಹಣ ಕೊಡಬೇಕು. ಏಜೆಂಟರಾದರೋ ಮಾರಾಟವಾಗದ ಪ್ರತಿಗಳನ್ನು ಹಿಂದಿರುಗಿಸಿ, ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಕೊಡುವ ಹೊತ್ತಿಗೆ ಎರಡು ಮೂರು ತಿಂಗಳು ಕಳೆದಿರುತ್ತವೆ. ಪತ್ರಿಕೆಯ ಮಾರಾಟಕ್ಕೆ ಜಿಎಸ್‌ಟಿ ಇಲ್ಲದಿರುವುದರಿಂದ, ಕಾಗದಕ್ಕೂ ಮುದ್ರಣಕ್ಕೂ ತೆತ್ತ ತೆರಿಗೆ ಪ್ರಕಾಶಕರ ಕೈಗೆ ಮರಳುವುದಿಲ್ಲ. ಈ ಅಂತರವನ್ನು ತುಂಬಲು ಬೇರೆ ದಾರಿ ಕಾಣದೆ ಮುಂಗಡ ಚಂದಾ ಹಣವನ್ನೇ ಮೊದಲ ಸಂಚಿಕೆಗಳಿಗೆ ಸುರಿದು, ವರ್ಷ ತುಂಬುವ ಮೊದಲೇ ನಿಂತುಹೋಗುವ ಪತ್ರಿಕೆಗಳಿವೆ. ಚಂದಾ ಎಂದರೆ ಓದುಗರಿಗೆ ತೀರಿಸಬೇಕಾದ ಋಣ. ಸಣ್ಣ ಉದ್ಯಮಗಳಿಗೆ ನಿಗದಿತ ಮಿತಿಯೊಳಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದ್ದರೂ, ಈ ತರುಣಿಗೆ ತಂದೆಯ ಮನೆಯ ಪತ್ರ ತರಲು ಹೇಳಿದರು.

ಸರ್ಕಾರದ ಆಸರೆ ಪಡೆದ ಪತ್ರಿಕೆ ಸರ್ಕಾರವನ್ನು ಪ್ರಶ್ನಿಸೀತೇ ಎಂಬ ಅನುಮಾನ ನ್ಯಾಯವಾದದ್ದೇ. ಅಮೆರಿಕದಲ್ಲಿ ಸಣ್ಣ ಉದ್ಯಮಗಳ ಸಾಲಕ್ಕೆ ಖಾತರಿ ನೀಡುವ ಸರ್ಕಾರಿ ಸಂಸ್ಥೆಯು, ಜನಾಭಿಪ್ರಾಯ ರೂಪಿಸುವ ಉದ್ಯಮಗಳೆಂಬ ಕಾರಣಕ್ಕೆ 1994ರವರೆಗೂ ಪತ್ರಿಕೆಗಳನ್ನು ದೂರವೇ ಇಟ್ಟಿತ್ತು. ಆದರೆ ಸರ್ಕಾರಿ ಜಾಹೀರಾತಿಗೂ ಸಾಲದ ಖಾತರಿಗೂ ಬಹಳ ವ್ಯತ್ಯಾಸವಿದೆ. ಜಾಹೀರಾತನ್ನು ಮುಂದಿನ ತಿಂಗಳೇ ನಿಲ್ಲಿಸಬಹುದು, ಆ ಭಯ ಸಂಪಾದಕೀಯದೊಳಗೂ ಇಳಿಯುತ್ತದೆ. ಖಾತರಿಯಲ್ಲಿ ಸಾಲ ಕೊಡುವುದು ಬ್ಯಾಂಕು, ತೀರಿಸುವುದು ಪ್ರಕಾಶಕರು. ಸಾಲ ಮುಳುಗಿದಾಗ ಮಾತ್ರ ಟ್ರಸ್ಟ್ ನಷ್ಟದ ಬಹುಪಾಲನ್ನು ಭರಿಸುತ್ತದೆ. ಸಂಪಾದಕರ ಸ್ವಾತಂತ್ರ್ಯಕ್ಕೆ ಇದಕ್ಕಿಂತ ಕಡಿಮೆ ಅಪಾಯದ ನೆರವು ನನಗೆ ತೋರುತ್ತಿಲ್ಲ. ಜಾಹೀರಾತಿಲ್ಲದೆ, ಓದುಗರ ಹಣದಿಂದಲೇ ನಡೆದ ‘ಲಂಕೇಶ್ ಪತ್ರಿಕೆ’ಯನ್ನು ಕಂಡ ನಾಡು ನಮ್ಮದು, ಕನ್ನಡದಲ್ಲಿ ಕೊಂಡು ಓದುವವರಿಲ್ಲ ಎಂಬ ಮಾತನ್ನು ಬ್ಯಾಂಕಿನವರು ಆಡಬಾರದು.

ಕೆನರಾ ಬ್ಯಾಂಕ್ ಸಂಚಾಲಕತ್ವದ ರಾಜ್ಯ ಮಟ್ಟದ ಬ್ಯಾಂಕರ್‌ಗಳ ಸಮಿತಿಯು ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕು. ಯಂತ್ರದ ಕೊಟೇಶನ್ನಿನ ಬದಲು ಚಂದಾದಾರರ ಪಟ್ಟಿ, ಏಜೆಂಟರ ಒಪ್ಪಂದ ಮತ್ತು ಪತ್ರಿಕಾ ನೋಂದಣಿ ಪ್ರಮಾಣಪತ್ರವನ್ನು ನೋಡಿ ದುಡಿಯುವ ಬಂಡವಾಳ ನಿಗದಿಪಡಿಸುವಂತೆ ಶಾಖೆಗಳಿಗೆ ಲಿಖಿತ ಸೂಚನೆ ನೀಡಲಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನೂ ಬರೆದುಕೊಡಲಿ.

ಇಂತಿ,
ಲೆಕ್ಕಪತ್ರ ಸಲಹೆಗಾರ, ಶಿವಮೊಗ್ಗ