ಹಳೆಯ ಬೆಳ್ಳಿಯನ್ನು ತಿಕ್ಕಬೇಡಿ: ಒಂದು ತಿದ್ದುಪಡಿಗಾಗಿ ಕೋರಿಕೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಮನೆಯಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಬೆಳ್ಳಿ ನಾಣ್ಯಗಳನ್ನೂ ಬೇಡವಾದ ಒಡವೆಗಳನ್ನೂ ಮಾರಿ ಕೈಗೆ ನಾಲ್ಕು ಕಾಸು ಮಾಡಿಕೊಳ್ಳುವುದು ಹೇಗೆಂದು ಒಂದು ಲೇಖನ ಬಂದಿತ್ತು. ಬಹುಪಾಲು ಒಪ್ಪುವಂಥದ್ದೇ. ಆದರೆ ಅಂಗಡಿಗೆ ಒಯ್ಯುವ ಮುನ್ನ ಎಲ್ಲವನ್ನೂ ಚೆನ್ನಾಗಿ ತಿಕ್ಕಿ ಬೆಳಗಿಕೊಳ್ಳಬೇಕು, ಹೊಳೆದರೆ ಬೆಲೆ ಏರುತ್ತದೆ ಎಂಬ ಸಲಹೆಯನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಯಾರೂ ಹೇಳುವ ಮೊದಲೇ ಅದನ್ನು ಪಾಲಿಸಿ ಕೆಟ್ಟವಳು ನಾನು.

ನಾನು 31 ವರ್ಷ ಶಾಲೆಯೊಂದರ ವಿಜ್ಞಾನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ತಕ್ಕಡಿ ಒರೆಸುವುದು, ಆಮ್ಲದ ಬಾಟಲಿಗಳಿಗೆ ಚೀಟಿ ಅಂಟಿಸುವುದು, ಒಡೆದ ಬೀಕರುಗಳ ಲೆಕ್ಕ ಬರೆದಿಡುವುದು ನನ್ನ ಕೆಲಸ. ನಮ್ಮ ತಂದೆ ಸರಕು ಹಡಗುಗಳಲ್ಲಿ ಅಡುಗೆಯವರು. ಒಂದೊಂದು ಬಂದರಿನಲ್ಲಿ ಜೇಬಿನಲ್ಲಿ ಉಳಿದ ಚಿಲ್ಲರೆಯನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕನ ಪಾಲಿಗೆ ಹೊಲಿಗೆ ಯಂತ್ರ, ನನ್ನ ಪಾಲಿಗೆ ಡಬ್ಬಿ. ಅದರಲ್ಲಿ 43 ನಾಣ್ಯಗಳಿದ್ದವು. ಕಣ್ಣಿನ ಶಸ್ತ್ರಚಿಕಿತ್ಸೆಗೆ ಸ್ವಲ್ಪ ಹಣ ಬೇಕಾಗಿದ್ದಾಗ ಆ ಡಬ್ಬಿಯ ಜೊತೆಗೆ ನನ್ನ ಒಂಟಿಯಾಗಿ ಉಳಿದ ಓಲೆಗಳು, ತುಂಡಾದ ಎರಡು ಬೆಳ್ಳಿ ಸರ, ಯಾವಾಗಲೋ ಯಾರೋ ಉಡುಗೊರೆ ಕೊಟ್ಟ ಒಂದು ದಪ್ಪ ಬಳೆಯನ್ನೂ ಸೇರಿಸಿದೆ.

ಎಲ್ಲವೂ ಕಪ್ಪಿಟ್ಟಿದ್ದವು. ಬೆಳ್ಳಿ ಕಪ್ಪಾಗುವುದು ಕೊಳೆಯಿಂದಲ್ಲ. ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳು, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್, ಮೇಲ್ಮೈಯ ಬೆಳ್ಳಿಯೊಂದಿಗೆ ಕೂಡಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಎಂದರೆ ಆ ಕಪ್ಪಿನಲ್ಲಿಯೂ ಬೆಳ್ಳಿಯೇ ಇದೆ. ತಿಕ್ಕಿದಾಗ ಅದು ಹೋಗುತ್ತದೆ, ಅದರ ಅಡಿಯದ್ದೂ ಒಂದಿಷ್ಟು ಹೋಗುತ್ತದೆ. ಮೇಷ್ಟ್ರು ಇದನ್ನು ಮಕ್ಕಳಿಗೆ ಹೇಳುವುದನ್ನು ವರ್ಷವರ್ಷವೂ ಬಾಗಿಲ ಬಳಿ ನಿಂತು ಕೇಳಿದವಳು ನಾನು. ಆದರೂ ಒಂದು ಮಧ್ಯಾಹ್ನ ಹಲ್ಲುಪುಡಿ, ಹಳೆಯ ಬ್ರಷ್ ಹಿಡಿದು ಕುಳಿತು ನಲವತ್ತಮೂರನ್ನೂ ಕನ್ನಡಿಯಂತೆ ಬೆಳಗಿದೆ. ಸಂಜೆ ಬಟ್ಟೆಯ ಮೇಲೆ ಹರಡಿ ನೋಡಿ ಹಿಗ್ಗಿದೆ ಕೂಡ. ಬಟ್ಟೆಯ ತುಂಬ ಬೂದು ಬಣ್ಣದ ಕಲೆಗಳಾಗಿದ್ದವು. ಅದು ಏನೆಂದು ಆಗ ಯೋಚಿಸಲಿಲ್ಲ.

ಆಮೇಲೆ ನಾಣ್ಯ ಸಂಗ್ರಹಿಸುವ ಹವ್ಯಾಸದ ಹಿರಿಯರೊಬ್ಬರು ಅವನ್ನು ಭೂತಗನ್ನಡಿಯ ಕೆಳಗೆ ಹಿಡಿದು, ನನಗೂ ತೋರಿಸಿದರು. ಕೂದಲೆಳೆಯಂಥ ಗೀರುಗಳು, ರಾಜರಾಣಿಯರ ಕೆನ್ನೆಯ ಮೇಲೆಲ್ಲ. ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿಯೊಂದಿದೆಯಂತೆ. ಉಜ್ಜಿದ್ದು ಎಂದು ಗೊತ್ತಾದರೆ ಸಾಮಾನ್ಯವಾಗಿ ಅಂಕವನ್ನೇ ಕೊಡದೆ, ತಿಕ್ಕಲಾಗಿದೆ ಎಂದು ಬರೆದು ಬದಿಗಿಡುತ್ತಾರೆ. ವರ್ಷಗಟ್ಟಲೆ ನಿಧಾನವಾಗಿ ಕೂತ ಆ ಮಸುಕು ಬಣ್ಣವನ್ನೇ ಅವರು ಹುಡುಕುವುದು. ‘ಅಮ್ಮಾ, ನಿಮ್ಮ ತಂದೆಯವರು ಏನೂ ಮಾಡದೆ ಇಟ್ಟಿದ್ದರಲ್ಲ, ಅದೇ ಸರಿ ಇತ್ತು’ ಎಂದರು. ಬೈದಿದ್ದರೆ ವಾಸಿಯಿತ್ತು.

ನಿಮ್ಮ ಲೇಖಕರು ಇದೊಂದನ್ನು ಯೋಚಿಸಿ ನೋಡಲಿ. ಮುರಿದ ಸರ, ನೆಗ್ಗಿದ ಬಟ್ಟಲು ಕೊನೆಗೆ ಹೋಗುವುದು ಮೂಸೆಗೆ. ಕರಗುವ ಬೆಳ್ಳಿ ಹೊಳೆದರೇನು, ಕಪ್ಪಾದರೇನು? ಅದಕ್ಕೆ ತೂಕ ಮತ್ತು ಶುದ್ಧತೆಯ ಬೆಲೆ. ಕರಗಿಸಬಾರದಂಥ ನಾಣ್ಯವಾದರೆ ತಿಕ್ಕಿದಷ್ಟೂ ಬೆಲೆ ಇಳಿಯುತ್ತದೆ. ಎರಡರಲ್ಲಿ ಯಾವುದಕ್ಕೂ ಹಲ್ಲುಪುಡಿ ಬೇಕಿಲ್ಲ.

ಆ ಹಿರಿಯರ ಬಳಿಗೆ ಹೋಗುವ ಮೊದಲೇ ಹಳೆಯ ಬೆಳ್ಳಿ ಕೊಳ್ಳುವ ಅಂಗಡಿಯೊಂದಕ್ಕೆ ಹೋಗಿದ್ದೆ. ಹೆಸರು ಬೇಡ, ಅಂಥವರು ಒಬ್ಬರೇ ಇರಲಾರರು. ನನ್ನ ಗಂಟು ಬಿಚ್ಚಿ, ನಾಣ್ಯ, ಸರ, ಬಳೆ, ಓಲೆ ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಸುರಿದರು. ಅಂಕಿ ಕಾಣುವ ಮುಖ ಅವರ ಕಡೆಗಿತ್ತು. ಸರದ ಕೊಂಡಿಗೆ ಅಯಸ್ಕಾಂತ ಮುಟ್ಟಿಸಿದರು, ಅಂಟಿಕೊಂಡಿತು. ‘ನೋಡಿ, ಕಬ್ಬಿಣ’ ಎಂದರು. ಬಳೆಯನ್ನು ಎತ್ತಿಕೊಂಡು, ನಾನು ಹೂಂ ಎನ್ನುವ ಮುಂಚೆಯೇ ಅರದಿಂದ ಒಂದು ಕಚ್ಚು ಹಾಕಿದರು. ಒಳಗೆ ಹಳದಿ ಛಾಯೆ. ‘ಉಳಿದದ್ದೂ ಹೀಗೆಯೇ ಇರುತ್ತದೆ’ ಎಂದು ಒಂದು ಮೊತ್ತ ಹೇಳಿದರು. ಎಲ್ಲವನ್ನೂ ಗಂಟು ಕಟ್ಟಿಕೊಂಡು ವಾಪಸ್ಸು ಬಂದೆ.

ಅಯಸ್ಕಾಂತದ ವಿಚಾರಕ್ಕೆ ಬಂದರೆ, ಕೊಂಡಿಯೊಳಗಿನ ಪುಟ್ಟ ಸ್ಪ್ರಿಂಗ್ ಹೆಚ್ಚಾಗಿ ಉಕ್ಕಿನದು. ಅಪ್ಪಟ ಬೆಳ್ಳಿ ಸರದ ಕೊಂಡಿಯೂ ಅಂಟಬಹುದು, ಸರ ಅಂಟಬಾರದು. ಅಂಟದಿದ್ದ ಮಾತ್ರಕ್ಕೆ ಅದು ಬೆಳ್ಳಿಯೇ ಎಂದೂ ಅಲ್ಲ. ತಾಮ್ರ, ಸೀಸ, ಹಿತ್ತಾಳೆ ಯಾವುದೂ ಅಂಟುವುದಿಲ್ಲ.

ಮನೆಗೆ ಬಂದು ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿಯನ್ನು ಹೊರತೆಗೆದೆ. (ನನ್ನದೇ ದುಡ್ಡಿನಲ್ಲಿ ಕೊಂಡದ್ದು, ಶಾಲೆಯದಲ್ಲ.) ಮೊದಲು ವಸ್ತುವನ್ನು ಹಾಗೆಯೇ ತೂಗಬೇಕು. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ವಸ್ತುವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಬೇಕು. ಆಗ ತೋರುವ ಗ್ರಾಮುಗಳೇ ಅದರ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಶುದ್ಧ ಬೆಳ್ಳಿಗೆ 10.49, ತಾಮ್ರಕ್ಕೆ 8.96. ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ತಾಮ್ರವಾಗಿದ್ದರೆ ಸುಮಾರು 10.36. ನನ್ನ ಬಳೆ 41.8 ಗ್ರಾಂ ತೂಗಿತು, ನೀರಿನಲ್ಲಿ 4.8 ತೋರಿಸಿತು. 8.7! ಜರ್ಮನ್ ಸಿಲ್ವರ್ ಎನ್ನುತ್ತಾರಲ್ಲ, ತಾಮ್ರ, ನಿಕ್ಕೆಲ್, ಸತುವಿನ ಮಿಶ್ರಣ. ಹೆಸರಿನಲ್ಲಿ ಬಿಟ್ಟರೆ ಅದರಲ್ಲಿ ಬೆಳ್ಳಿಯೇ ಇಲ್ಲ. ಅದಕ್ಕೆ ಮೇಲೊಂದು ಬೆಳ್ಳಿಯ ಲೇಪ. ಬಳೆಯ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ಸರಿಯೇ ಇತ್ತು, ಒಪ್ಪುತ್ತೇನೆ. ಆದರೆ ಸರಗಳ ಕೊಂಡಿಯ ಪಕ್ಕದಲ್ಲಿ 925 ಎಂಬ ಮುದ್ರೆ ಇತ್ತು, ಸಾಂದ್ರತೆಯೂ ಅದಕ್ಕೆ ಹೊಂದಿತು. ಬಳೆಯ ಪಾಪವನ್ನು ಸರಗಳ ತಲೆಗೆ ಕಟ್ಟಿದ್ದೇ ಅವರ ಲಾಭ. ಕಲ್ಲು ಕೂಡಿಸಿದ, ಅರಗು ತುಂಬಿದ, ಟೊಳ್ಳಾದ ಒಡವೆಗಳಿಗೆ ಈ ನೀರಿನ ಲೆಕ್ಕ ನಡೆಯುವುದಿಲ್ಲ. ಅವಕ್ಕೆ ಒರೆಗಲ್ಲು, ಆಮ್ಲ ಬೇಕು.

ಆ ರಾತ್ರಿ ಡಬ್ಬಿಯಲ್ಲಿ ಒಂದೇ ರಾಜನ ಮುಖವಿದ್ದ ಎರಡು ಬ್ರಿಟಿಷ್ ಶಿಲ್ಲಿಂಗ್‌ಗಳು ಸಿಕ್ಕವು. ಗಾತ್ರ ಒಂದೇ, ತೂಕವೂ ಹೆಚ್ಚುಕಡಿಮೆ ಒಂದೇ, ಹೊಸದಾಗಿದ್ದಾಗ 5.66 ಗ್ರಾಂ. ಒಂದು 1919ರದು, ಇನ್ನೊಂದು 1920ರದು. ಬ್ರಿಟನ್ 1919ರವರೆಗೆ ಸಾವಿರಕ್ಕೆ 925ರ ಬೆಳ್ಳಿ ಹಾಕುತ್ತಿತ್ತು, 1920ರಿಂದ ಅದನ್ನು ಅರ್ಧಕ್ಕೆ ಇಳಿಸಿತು, 1947ರಿಂದ ಪೂರ್ತಿ ಬಿಟ್ಟು ತಾಮ್ರ-ನಿಕ್ಕೆಲ್‌ಗೆ ಬಂತು. ಹೀಗಾಗಿ ಮೊದಲನೆಯದರಲ್ಲಿ 5.23 ಗ್ರಾಂ ಬೆಳ್ಳಿ, ಎರಡನೆಯದರಲ್ಲಿ 2.83. ಒಂದೇ ವರ್ಷದ ಅಂತರ! ಅಮೆರಿಕದ ಅರ್ಧ ಡಾಲರ್ ಕೂಡ ಹೀಗೆಯೇ: 1964ರವರೆಗೆ ನೂರಕ್ಕೆ 90 ಬೆಳ್ಳಿ, 1965ರಿಂದ 1970ರವರೆಗೆ 40, ಆಮೇಲೆ ಸಾಮಾನ್ಯ ಚಲಾವಣೆಯ ನಾಣ್ಯದಲ್ಲಿ ಇಲ್ಲವೇ ಇಲ್ಲ. ಬೆಳ್ಳಿ ಬಿಟ್ಟ ಮೇಲಿನವನ್ನು ಅಡ್ಡ ಹಿಡಿದು ಅಂಚು ನೋಡಿದರೆ ತಾಮ್ರದ ಗೆರೆ ಕಾಣುತ್ತದೆ, ಅದಕ್ಕೆ ತಕ್ಕಡಿಯೂ ಬೇಡ. ಎಲ್ಲವನ್ನೂ ಒಟ್ಟಿಗೆ ಸುರಿದು ತೂಗಿದರೆ ಇದೆಲ್ಲ ಎಲ್ಲಿ ಲೆಕ್ಕಕ್ಕೆ ಬರಬೇಕು?

ಹಳೆಯದೆಲ್ಲ ಅಪರೂಪ ಎಂಬ ಭ್ರಮೆಯೂ ನನಗಿತ್ತು. ಡಬ್ಬಿಯಲ್ಲಿ ಅತಿ ದೊಡ್ಡದು ಆಸ್ಟ್ರಿಯಾದ ಮರಿಯಾ ತೆರೇಸಾ ರಾಣಿಯ ಥೇಲರ್, ಅದರ ಮೇಲೆ 1780 ಎಂದಿತ್ತು. ಹಡಗು ಕೆಂಪು ಸಮುದ್ರದ ಕಡೆ ಹೋದಾಗ ತಂದೆಗೆ ಸಿಕ್ಕಿದ್ದಂತೆ. ಅಷ್ಟು ಹಳೆಯದು, ಕಣ್ಣಿನ ಖರ್ಚು ಅದೊಂದರಲ್ಲೇ ಕಳೆದೀತು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ. ಆಮೇಲೆ ತಿಳಿಯಿತು: ರಾಣಿ ತೀರಿಕೊಂಡದ್ದು 1780ರಲ್ಲಿ, ಆದರೆ ವ್ಯಾಪಾರಿಗಳು ಆ ನಾಣ್ಯವನ್ನೇ ಕೇಳುತ್ತಿದ್ದುದರಿಂದ ಅದೇ ಇಸವಿಯನ್ನು ಉಳಿಸಿಕೊಂಡು ಮುದ್ರಿಸುತ್ತಲೇ ಹೋದರು. ವಿಯೆನ್ನಾ ಅಲ್ಲದೆ ಲಂಡನ್, ಪ್ಯಾರಿಸ್, ರೋಮ್, ಮುಂಬಯಿ ಟಂಕಸಾಲೆಗಳಲ್ಲೂ, 20ನೇ ಶತಮಾನದಲ್ಲಿಯೂ. ನನ್ನದು ಅಂಥದ್ದೇ ಒಂದು. ಆದರೂ 28 ಗ್ರಾಂ ತೂಕ, ಸಾವಿರಕ್ಕೆ 833ರ ಶುದ್ಧತೆ; 23 ಗ್ರಾಮಿಗಿಂತ ಸ್ವಲ್ಪ ಹೆಚ್ಚು ಬೆಳ್ಳಿ ಅದರಲ್ಲಿದೆ.

ಔನ್ಸಿನ ಗೊಂದಲವನ್ನೂ ಹೇಳಿಬಿಡುತ್ತೇನೆ. ನನ್ನ ಅಕ್ಕನ ಮಗ ಅಂತರರಾಷ್ಟ್ರೀಯ ಧಾರಣೆ ನೋಡಿ ಲೆಕ್ಕ ಹಾಕಿಕೊಟ್ಟ, ಅವನ ಮೊತ್ತ ಎಲ್ಲಿ ಹೋದರೂ ಹೊಂದಲಿಲ್ಲ. ಅವನು ಹಿಡಿದದ್ದು 28.35 ಗ್ರಾಮಿನ ಸಾಮಾನ್ಯ ಔನ್ಸು. ಬೆಳ್ಳಿ ಬಂಗಾರದ ಔನ್ಸು ಬೇರೆ, ಟ್ರಾಯ್ ಔನ್ಸು, 31.1035 ಗ್ರಾಂ. ಸುಮಾರು ಹತ್ತರಲ್ಲೊಂದು ಪಾಲು ಹೆಚ್ಚಾಗಿ ಆಸೆ ಹುಟ್ಟಿಸಿಬಿಟ್ಟಿದ್ದ.

ಎರಡನೆಯ ಅಂಗಡಿಗೆ ಹೋದಾಗ ಎಲ್ಲವನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ, ಪ್ರತಿಯೊಂದರ ಮೇಲೆ ತೂಕ ಬರೆದು ಒಯ್ದಿದ್ದೆ. ಅವರು ಕ್ಷ-ಕಿರಣದ ಯಂತ್ರದಲ್ಲಿಟ್ಟು ಶುದ್ಧತೆ ನೋಡಿದರು. ಅದು ಓದುವುದು ಮೇಲಿನ ತೆಳು ಪದರವನ್ನು, ದಪ್ಪ ಲೇಪವಿದ್ದರೆ ಮೋಸ ಹೋಗಬಹುದು ಎಂದು ಅವರೇ ಹೇಳಿದ್ದರಿಂದ ನನಗೆ ನಂಬಿಕೆ ಬಂತು. ತೂಕ, ಶುದ್ಧತೆ, ಕರಗಿಸುವಾಗಿನ ಕಡಿತ ಮೂರನ್ನೂ ಚೀಟಿಯಲ್ಲಿ ಬರೆದುಕೊಟ್ಟ ಮೇಲೆಯೇ ಹೌದೋ ಅಲ್ಲವೋ ಎಂದು ಕೇಳಿದರು. ಬಳೆಯನ್ನು ತೆಗೆದು ಬದಿಗಿಟ್ಟ ನಂತರವೂ ಅವರ ಮೊತ್ತ ಮೊದಲಿನವರಿಗಿಂತ ಮೂರರಲ್ಲೊಂದು ಪಾಲು ಹೆಚ್ಚಿತ್ತು. ಸರ, ಓಲೆ ಮತ್ತು ತೀರಾ ಸವೆದ ನಾಣ್ಯಗಳನ್ನು ಕೊಟ್ಟೆ.

ಉಳಿದವನ್ನು ಅವಸರದಲ್ಲಿ ಮೂಸೆಗೆ ಒಪ್ಪಿಸಲು ಮನಸ್ಸಾಗಲಿಲ್ಲ. 1980ರ ಜನವರಿಯಲ್ಲಿ ಬೆಳ್ಳಿಯ ಧಾರಣೆ ಎಂದೂ ಕಾಣದ ಎತ್ತರಕ್ಕೆ ಜಿಗಿದಾಗ ಹಲವು ದೇಶಗಳಲ್ಲಿ ಜನ ಮನೆಯ ತಟ್ಟೆ, ನಾಣ್ಯಗಳನ್ನು ಹೊತ್ತು ಸಾಲು ನಿಂತಿದ್ದರು. ಮಾರ್ಚ್ 27ರ ಹೊತ್ತಿಗೆ ಧಾರಣೆ ಕುಸಿದುಬಿದ್ದಿತ್ತು, ಕರಗಿದ್ದು ಕರಗಿಯೇ ಹೋಗಿತ್ತು. ನನ್ನ ಥೇಲರ್ ಮತ್ತೆ ನಿಧಾನವಾಗಿ ಕಪ್ಪಾಗುತ್ತಿದೆ. ಗೀರುಗಳು ಮಾತ್ರ ಹಾಗೆಯೇ ಇವೆ.

ಆದ್ದರಿಂದ, ಸಂಪಾದಕರೇ, ಆ ಸಲಹೆಗೆ ಒಂದು ತಿದ್ದುಪಡಿ ಹಾಕಿ. ಲೇಖನ ಬಂದ ಪುಟದಲ್ಲಿಯೇ, ಅಷ್ಟೇ ಗಾತ್ರದ ಅಕ್ಷರಗಳಲ್ಲಿ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿದರೆ ಓದಲು ಆ ಹಿರಿಯರ ಭೂತಗನ್ನಡಿಯನ್ನೇ ಕೇಳಿ ತರಬೇಕಾಗುತ್ತದೆ. ನನ್ನ ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆ ಇನ್ನೂ ಆಗಿಲ್ಲ.

ಇಂತಿ,
ನಿವೃತ್ತ ಪ್ರಯೋಗಾಲಯ ಸಹಾಯಕಿ, ನಿಮ್ಮ ಪತ್ರಿಕೆಯ ಹಳೆಯ ಓದುಗಿ