ಆ ರಾತ್ರಿ ಜೊತೆಗಿದ್ದ ಹುಡುಗನಿಗೆ

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯಿಂದ ಮನೆಗೆ ಬಂದಿದ್ದೇನೆ, ಊಟ ಸೇರುತ್ತಿದೆ. ಏನಾಗಿತ್ತು ಅನ್ನೋದು ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ಶಾಲೆಯ ಸಹೋದ್ಯೋಗಿಗಳು, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು), ದಿನಾ ಗಂಜಿ ಕಳಿಸಿದ ಪಕ್ಕದ ಮನೆಯವರು, ಹಾಸನದ ಆಸ್ಪತ್ರೆಯ ಡಾಕ್ಟರು, ಸಿಸ್ಟರುಗಳು, ಎಲ್ಲರಿಗೂ ಕೈಮುಗಿಯುತ್ತೇನೆ.

ಜಾಸ್ತಿ ಬರೆಯಬೇಕಿರುವುದು ಒಬ್ಬನ ಬಗ್ಗೆ. ‘ಹೆಸರು ಹಾಕಬೇಡಿ ಸಾರ್’ ಅಂದಿದ್ದಾನೆ. ಪಿಕಪ್ ಓಡಿಸುವವನು ಅಂದರೆ ನಮ್ಮೂರಲ್ಲಿ ಯಾರಿಗೆ ತಾನೇ ಗೊತ್ತಾಗಲ್ಲ!

ಆ ರಾತ್ರಿ ಆಷಾಢದ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ನಮ್ಮವಳು ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗಿದ್ದಳು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ದಾರಿಯಲ್ಲಿ ಇಳಿದಿಳಿದು, ಬಿದ್ದ ಕೊಂಬೆ ಸರಿಸಿಕೊಂಡು ಕರೆದೊಯ್ದ. ಫಾರಂ ತುಂಬುವಾಗ ಸಿಸ್ಟರ್, ‘ನೀವು ಇವರಿಗೆ ಏನಾಗಬೇಕು?’ ಅಂದರು. ‘ಸ್ಟೂಡೆಂಟು’ ಅಂದ. ‘ಮನೆಯವರು ಯಾರೂ ಇಲ್ವಾ?’ ‘ಅವರು ಬರೋದು ಬೆಳಿಗ್ಗೆ. ಎಲ್ಲಿ ಸೈನ್ ಹಾಕ್ಬೇಕು ಹೇಳಿ.’

ನಿದ್ದೆ ಹೋಗದಂತೆ ಮಾತಾಡಿಸುತ್ತಿರಿ ಅಂದಿದ್ದರಂತೆ. ಇವನಿಗೇನು ಮಾತು ತೋಚಬೇಕು? ‘ಸಾರ್, ಹದಿಮೂರರ ಮಗ್ಗಿ ಹೇಳಿ’ ಅಂದ. ತೊದಲುತ್ತಾ ಹೇಳಿದೆ. ಅವನಿಗೆ ಮಗ್ಗಿ ಬಂದರೆ ತಾನೇ! ಮೊಬೈಲ್ ಕ್ಯಾಲ್ಕುಲೇಟರಲ್ಲಿ ಒತ್ತಿ ನೋಡಿ, ‘ಕರೆಕ್ಟು ಸಾರ್, ಮುಂದೆ’ ಅನ್ನುತ್ತಿದ್ದ. ಬೆಳಗಿನ ಜಾವ ನನ್ನ ಬಟ್ಟೆ ಒದ್ದೆಯಾಯಿತು. ಅವನೇ ಒರೆಸಿ ಬದಲಿಸಿದ. ಪಾಠ ಹೇಳಿದ ಹುಡುಗನ ಮುಂದೆ ಹೀಗೆ ಮಲಗಬೇಕಾಯ್ತಲ್ಲ ಅಂತ ಅಳು ತಡೆಯಲಾಗಲಿಲ್ಲ. ‘ನಾನೇನೂ ನೋಡ್ಲಿಲ್ಲ. ಹದಿನಾಲ್ಕರದ್ದು ಶುರು ಮಾಡಿ’ ಅಂದ.

ಇವನಿಗೆ ನಾನು ಮಾಡಿದ್ದಾದರೂ ಏನು? ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿದ್ದ. ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ಬಂದದ್ದು 2024ರಲ್ಲಿ. ಇವನ ಕಾಲಕ್ಕೆ ಜೂನ್‌ನ ಸಪ್ಲಿಮೆಂಟರಿ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕಿತ್ತು. ರಜೆಯಲ್ಲಿ ನಮ್ಮ ಜಗಲಿಯಲ್ಲಿ ಕೂತು ಲೆಕ್ಕ ಮಾಡಿದ, ಹೇಗೋ 35ರ ಗೆರೆ ದಾಟಿದ. ಅವನಿಗೆ ನೆನಪಿರುವುದು ನಮ್ಮವಳು ಕೊಡುತ್ತಿದ್ದ ಅಕ್ಕಿರೊಟ್ಟಿ, ಕಾಯಿಚಟ್ನಿ. ಪೈಥಾಗೊರಸ್‌ನನ್ನು ಪೂರ್ತಿ ಮರೆತಿದ್ದಾನೆ. ಫಲಿತಾಂಶದ ಶೇಕಡಾ ಲೆಕ್ಕ ಹಾಕುವ ನಮ್ಮ ಮೀಟಿಂಗುಗಳಲ್ಲಿ ಇಂಥವರೆಲ್ಲ ‘ನಿಧಾನ ಕಲಿಕೆಯ ಮಕ್ಕಳು’. ಆ ಪಟ್ಟಿ ಬರೆಯುವಾಗ ಇನ್ನು ಮೇಲೆ ನನ್ನ ಕೈ ಸ್ವಲ್ಪ ತಡೆಯುತ್ತದೆ, ಅಷ್ಟೆ.

ಸೋಮವಾರದಿಂದ ಶಾಲೆಗೆ ಬರುತ್ತೇನೆ. ದನಿ ಇನ್ನೂ ಸಣ್ಣಗಿದೆ. ಹತ್ತನೇ ತರಗತಿಯ ಹಿಂದಿನ ಬೆಂಚಿನವರು ಮುಂದಕ್ಕೆ ಬಂದು ಕೂತ್ಕೊಳ್ಳಿ.